ಮುಂಗೈಯ ಚರ್ಮದಿಂದ ಅಂಗುಳ: ಮನೆಗೆ ಬಂದ ಮೇಲಿನ ದಿನಗಳು

ಬಾಯಿಯ ಮೇಲ್ಭಾಗದಲ್ಲಿ, ಅಂದರೆ ಅಂಗುಳದಲ್ಲಿ ಕ್ಯಾನ್ಸರ್ ಬಂದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಆಗ ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯುತ್ತದೆ. ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ಕೆಲವರಿಗೆ ಹಲ್ಲಿನ ಸೆಟ್‌ನಂಥ ಪ್ಲೇಟ್ ಇಟ್ಟು ಮುಚ್ಚುತ್ತಾರೆ. ಇನ್ನು ಕೆಲವರಿಗೆ ಮುಂಗೈಯ ಚರ್ಮವನ್ನು ರಕ್ತನಾಳ ಸಮೇತ ತೆಗೆದು ಅಲ್ಲಿ ಹೊಲಿದು, ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸುತ್ತಾರೆ. 1970ರ ದಶಕದ ಕೊನೆಯಲ್ಲಿ ಚೀನಾದ ವೈದ್ಯರು ಆರಂಭಿಸಿದ ವಿಧಾನವಾದ್ದರಿಂದ ಇದಕ್ಕೆ ಚೀನೀ ಫ್ಲಾಪ್ ಎಂಬ ಹೆಸರೂ ಇದೆ.

ಮೊದಲ ಎರಡು ಮೂರು ದಿನ ನರ್ಸ್‌ಗಳು ಗಂಟೆಗೊಮ್ಮೆ ಎಂಬಂತೆ ಬಾಯಿಗೆ ಟಾರ್ಚ್ ಹಾಕಿ ನೋಡ್ತಾರೆ. ಹೊಲಿದ ಚರ್ಮ ನೀಲಿಯಾದರೆ ರಕ್ತ ಕಟ್ಟಿದೆ ಎಂದರ್ಥ, ತಕ್ಷಣ ಥಿಯೇಟರ್‌ಗೆ ಒಯ್ಯಬೇಕು. ಆದ್ದರಿಂದ ರಾತ್ರಿ ನಿದ್ದೆ ಕೆಡಿಸ್ತಾರೆ ಅಂತ ಮನೆಯವರು ಅವರ ಮೇಲೆ ಸಿಟ್ಟಾಗಬಾರದು. ಊಟ ಮೂಗಿನ ನಳಿಕೆಯಲ್ಲೇ.

ಚರ್ಮ ತೆಗೆಯುವುದು ಹೆಚ್ಚಾಗಿ ಎಡಗೈಯಿಂದ. ಆ ಜಾಗಕ್ಕೆ ತೊಡೆಯ ತೆಳು ಚರ್ಮ ಹಚ್ಚಿ ಕೆಲವು ದಿನ ಪಟ್ಟಿ ಕಟ್ಟಿರುತ್ತಾರೆ. ಇಲ್ಲಿ ನಮ್ಮ ಹಿರಿಯರಿಗೆ ಹೇಳಿಕೊಳ್ಳಲಾಗದ ಒಂದು ಕಷ್ಟವಿದೆ. ಶೌಚಕ್ಕೆ ಎಡಗೈ ಆಗುವುದಿಲ್ಲ, ಬಲಗೈ ಬಳಸಲು ಮನಸ್ಸಿಲ್ಲ. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ರೋಗಿಗೆ ಅದು ಉಝ್ರ್, ಬಲಗೈ ಬಳಸಬಹುದು. ವುಝೂವಿನಲ್ಲಿ ತೊಳೆಯಲಾಗುವ ಭಾಗ ತೊಳೆದು, ಪಟ್ಟಿಯ ಮೇಲೆ ಒದ್ದೆ ಕೈ ಸವರಿ, ತಯಮ್ಮುಮ್ ಮಾಡಬೇಕು. ಪಟ್ಟಿ ಕೈಯ ಮೇಲೆ ಇರುವುದರಿಂದ ಶಾಫಿಈ ಮದ್‌ಹಬ್‌ನಲ್ಲಿ ಖಝಾದ ಮಾತೂ ಬರುತ್ತದೆ, ಅದನ್ನು ನಿಮ್ಮ ಖತೀಬರಲ್ಲಿ ಕೇಳಿಕೊಳ್ಳಿ. ಬಾಯಿ ಮುಕ್ಕಳಿಸುವುದು ಸುನ್ನತ್ ಮಾತ್ರ. ಗಾಯ ಮಾಗುವವರೆಗೆ ಬಿಟ್ಟರೆ ವುಝೂವಿಗೆ ಕುಂದಿಲ್ಲ.

ಹೊಸ ಅಂಗುಳಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಬಿಸಿ ಚಾ ಸುಟ್ಟರೂ ತಿಳಿಯದು, ಅನ್ನದ ಅಗುಳು ಅಂಟಿಕೊಂಡರೂ ತಿಳಿಯದು. ಕೊಡುವ ಮೊದಲು ಮನೆಯವರೇ ಬಿಸಿ ನೋಡಬೇಕು. ನಳಿಕೆ ತೆಗೆದ ಮೇಲೆ ಗಂಜಿ, ಆಮೇಲೆ ಸಾರಿನಲ್ಲಿ ನೆನೆಸಿದ ನೀರುದೋಸೆ. ಕೈಯಲ್ಲಿ ಕೂದಲಿದ್ದವರಿಗೆ ಅಂಗುಳದಲ್ಲೂ ಕೂದಲು ಬೆಳೆಯುವುದುಂಟು! ಹೆದರಬೇಕಾಗಿಲ್ಲ, ಡಾಕ್ಟರಿಗೆ ತೋರಿಸಿದರೆ ಸಾಕು.

ಎಲ್ಲಕ್ಕಿಂತ ನಿಧಾನವಾಗಿ ಮರಳುವುದು ಮಾತು. ಮದ್ರಸದಲ್ಲಿ ನಾವು ಮಖ್‌ರಜ್ ಕಲಿಸುವಾಗ ಖಾಫ್‌ಗೆ ನಾಲಗೆಯ ಬುಡ ಮೆತ್ತನೆಯ ಅಂಗುಳಕ್ಕೆ ತಾಗಬೇಕು, ಜೀಮ್ ಮತ್ತು ಶೀನ್‌ಗೆ ನಾಲಗೆಯ ನಡು ಗಟ್ಟಿ ಅಂಗುಳದ ಕಡೆಗೆ ಏಳಬೇಕು ಎನ್ನುತ್ತೇವೆ. ಆ ಅಂಗುಳವೇ ಬದಲಾದರೆ? ಗಾಳಿ ಮೂಗಿಗೆ ನುಗ್ಗಿದರೆ 'ಬಾಪ' ಎಂದದ್ದು 'ಮಾಮ' ಎಂದು ಕೇಳುತ್ತದೆ. ಮಗ್‌ರಿಬ್ ಬಳಿಕ ಹದ್ದಾದ್‌ಗೆ ದನಿ ಕೊಡುತ್ತಿದ್ದ ಒಬ್ಬ ಹಿರಿಯರು ಈಗ ಹಿಂದಿನ ಸಫ್‌ನಲ್ಲಿ ಕೂತು, ಸಲಾಂ ಹೇಳಿದರೆ ಕೈ ಮಾತ್ರ ಎತ್ತುತ್ತಾರೆ. ಮದುವೆ ಮನೆಗೆ ಹೋಗುವುದನ್ನೂ ನಿಲ್ಲಿಸಿದ್ದಾರೆ. ಗಾಯ ಮಾಗಿದೆ. ಆದರೂ ಅವರು ಬಾಯಿ ಬಿಡದಿರುವುದಕ್ಕೆ ಅರ್ಧ ಕಾರಣ ನಾವೇ. ಅರ್ಥವಾಗದಿದ್ದರೆ ನಕ್ಕು ತಲೆಯಾಡಿಸ್ತೇವೆ, ಇಲ್ಲವೇ ಅವರ ಮಾತನ್ನು ಅವರ ಹೆಂಡತಿಯಲ್ಲಿ ಕೇಳ್ತೇವೆ. "ಇನ್ನೊಮ್ಮೆ ಹೇಳಿ" ಅಂತ ಅವರನ್ನೇ ಕೇಳುವುದು ಮರ್ಯಾದೆ.

ಸ್ಪೀಚ್ ಥೆರಪಿಸ್ಟ್ ಕಲಿಸಿದ್ದನ್ನು ದಿನಾ ಮನೆಯಲ್ಲಿ ಮಾಡಬೇಕು, ತಿಂಗಳುಗಟ್ಟಲೆ. ಡಾಕ್ಟರ್ ಮಾತಾಡಬಹುದು ಎಂದ ಮೇಲೆ ಮೊಮ್ಮಕ್ಕಳನ್ನು ಎದುರು ಕೂರಿಸಿ ಚಿಕ್ಕ ಸೂರತ್‌ಗಳನ್ನು ದನಿ ಎತ್ತಿ ಓದಲಿ. ತಡವರಿಸಿ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲ ಎಂದು ಹದೀಸ್‌ನಲ್ಲಿದೆ. ಅಕ್ಷರ ಸರಿ ಹೊರಡದಿದ್ದರೂ ಶಕ್ತಿಯಿದ್ದಷ್ಟು ಓದಿದರೆ ಅವರ ನಮಾಝ್ ಸಿಂಧು. ಬೇರೆಯವರಿಗೆ ಇಮಾಮ್ ನಿಲ್ಲುವುದು ಮಾತ್ರ ಬೇಡ.

ಹೊಲಿಗೆ ಬಿಚ್ಚಿದ ಕೂಡಲೇ ಎಲ್ಲ ಮುಗಿಯಿತು ಅಂತ ಆಸ್ಪತ್ರೆಯ ದಾರಿ ಮರೆಯುವವರಿದ್ದಾರೆ. ರೇಡಿಯೇಶನ್ ಬೇಕೆಂದಿದ್ದರೆ ಅದು ಶಸ್ತ್ರಕ್ರಿಯೆಯ ಸುಮಾರು 6 ವಾರದೊಳಗೆ ಶುರುವಾಗಬೇಕು. ಮತ್ತೆ ಎಲೆ, ತಂಬಾಕು, ಗುಟ್ಕಾ ಬಾಯಿಗೆ ಹಾಕಲೇಬಾರದು. ಅಡಿಕೆ ನಮ್ಮ ಕರಾವಳಿಯ ಅನ್ನ, ನಿಜ. ಆದರೆ ತಂಬಾಕಿಲ್ಲದೆ ಜಗಿದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ 20 ವರ್ಷ ದಾಟಿದೆ. ಖರ್ಚಿಗೆ ಹೆದರಿ ನಿಲ್ಲಿಸಬೇಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.