‘ನೀರಿನ ಮಾತ್ರೆ’ ಎಲ್ಲಾ ಒಂದೇ ಅಲ್ಲ: ಕಿಡ್ನಿಯಲ್ಲಿ ಯಾವುದು ಎಲ್ಲಿ ಕೆಲಸ ಮಾಡುತ್ತೆ?

ಕಾಲು ಊದಿದರೂ, ಬಿಪಿ ಇದ್ದರೂ ಡಾಕ್ಟರ್ ಮೂತ್ರ ಹೆಚ್ಚಿಸೋ ಮಾತ್ರೆ ಬರೆಯೋದುಂಟು. ಜನರ ಬಾಯಲ್ಲಿ ಎಲ್ಲವೂ ‘ನೀರಿನ ಮಾತ್ರೆ’. ಆದರೆ ಇವು ಕೆಲಸ ಮಾಡೋ ಜಾಗ ಬೇರೆ ಬೇರೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬರೋದು ಒಂದೂವರೆ ಲೀಟರ್‌ನಷ್ಟು ಮಾತ್ರ. ಉಳಿದದ್ದು ನೆಫ್ರಾನ್‌ನ ಸಣ್ಣ ಕೊಳವೆಯಿಂದ ವಾಪಸ್ ರಕ್ತಕ್ಕೆ ಸೇರುತ್ತೆ. ಉಪ್ಪು ವಾಪಸಾದರೆ ಅದರ ಹಿಂದೆ ನೀರೂ ವಾಪಸ್. ಉಪ್ಪನ್ನು ತಡೆಯೋದೇ ಮಾತ್ರೆಯ ಕೆಲಸ.

ಕೊಳವೆ ಹೇರ್‌ಪಿನ್‌ನಂತೆ ಬಾಗಿರೋ ಭಾಗಕ್ಕೆ ಹೆನ್ಲೆ ಲೂಪ್ ಅಂತಾರೆ. ಸುಮಾರು ಕಾಲು ಭಾಗ ಉಪ್ಪು ವಾಪಸಾಗೋದು ಇಲ್ಲಿ. ಫ್ಯೂರೋಸೆಮೈಡ್ ತಡೆ ಹಾಕೋದೂ ಇಲ್ಲೇ, ಅದಕ್ಕೇ ಅದು ಜೋರು. ಅದರ ಮುಂದಿನ ಭಾಗದಲ್ಲಿ ಕೆಲಸ ಮಾಡೋ ಹೈಡ್ರೋಕ್ಲೋರೋಥಯಾಜೈಡ್ ಅಷ್ಟು ಜೋರಲ್ಲ. ಇವೆರಡರಿಂದಲೂ ಪೊಟ್ಯಾಸಿಯಂ ಕಡಿಮೆಯಾಗಿ ಸುಸ್ತು, ಸ್ನಾಯು ಸೆಳೆತ ಬರಬಹುದು. ಕೊಳವೆಯ ಕೊನೆಯಲ್ಲಿ ಕೆಲಸ ಮಾಡೋ ಸ್ಪೈರೊನೊಲ್ಯಾಕ್ಟೋನ್ ಇದಕ್ಕೆ ಉಲ್ಟಾ, ಪೊಟ್ಯಾಸಿಯಂ ಉಳಿಸುತ್ತೆ. ಅದು ವಿಪರೀತ ಏರಿದರೆ ಹೃದಯಕ್ಕೇ ಅಪಾಯ.

ಹಾಗಾಗಿ ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ, ನಿಮ್ಮದನ್ನು ನೀವೇ ನಿಲ್ಲಿಸಲೂ ಬೇಡಿ. ವಾಂತಿ-ಭೇದಿ ಶುರುವಾದರೆ ಮಾತ್ರೆ ಮುಂದುವರಿಸಬೇಕಾ ಅಂತ ತಕ್ಷಣ ಡಾಕ್ಟರ್‌ನ ಕೇಳಿ.