ಬೇಲೂರಿನ ಆನೆಗಳಿಗೆ ಸಫಾರಿ ಬೇಡ

ಬೇಲೂರು, ಹಳೇಬೀಡಿನ ದೇಗುಲಗಳ ತಳಪಟ್ಟಿಕೆಯಲ್ಲಿ ಸಾಲುಗಟ್ಟಿದ ಕಲ್ಲಿನ ಆನೆಗಳನ್ನು ನೋಡಿದ ಪ್ರವಾಸಿಗರು ಕಾಡಾನೆಯನ್ನೂ ವಿಚಾರಿಸುತ್ತಾರೆ. ಕಬಿನಿಯಲ್ಲಿರುವಂತೆ ಇಲ್ಲೂ ಒಂದು ಸಫಾರಿ ಯಾಕಿಲ್ಲ ಎನ್ನುವವರಿದ್ದಾರೆ. ಕಬಿನಿಯಲ್ಲಿ ಅದು ಹುಟ್ಟಿದ ಬಗೆ ತಿಳಿದರೆ ಇಲ್ಲೇಕೆ ಸಲ್ಲದು ಎಂಬುದೂ ತಿಳಿಯುತ್ತದೆ.

ಅಲ್ಲಿ ಮೊದಲಿದ್ದದ್ದು ಕಾಕನಕೋಟೆಯ ಕಾಡು, ಮೈಸೂರು ಅರಸರ ಬೇಟೆಯ ನೆಲೆ. ಆನೆ ಹಿಂಡನ್ನು ಸದ್ದು, ಬೆಂಕಿಯಿಂದ ಬೆದರಿಸಿ, ಹೊಳೆಗಿಳಿಸಿ, ಮರದ ದಿಮ್ಮಿಗಳ ಆವರಣಕ್ಕೆ ನುಗ್ಗಿಸುವ ಖೆಡ್ಡಾ ನಡೆಯುತ್ತಿದ್ದದ್ದು ಅಲ್ಲೇ. ಬೆನ್ನಟ್ಟಿ ಜೀವ ಪಣಕ್ಕಿಡುತ್ತಿದ್ದವರಲ್ಲಿ ಕಾಡಿನ ಕುರುಬರೂ ಇದ್ದರು. ಕೂತು ನೋಡುತ್ತಿದ್ದವರು ಅರಮನೆಯ ಅತಿಥಿಗಳು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಕಾಡಿನ ಒಂದು ಭಾಗ ನೀರು ಪಾಲಾಯಿತು, ಹಾಡಿಗಳೂ ಒಕ್ಕಲೆದ್ದವು.

ಇಂದಿನ ಸಫಾರಿಗೆ ಬೇಕಾದ ಬಯಲು ಸಿಕ್ಕಿದ್ದು ಆ ಮುಳುಗಡೆಯಿಂದಲೇ. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ದಂಡೆಯುದ್ದಕ್ಕೂ ಎಳೆಹುಲ್ಲು ಚಿಗುರುತ್ತದೆ. ನೀರು, ಮೇವು ಅರಸಿ ಆನೆಗಳು ನೂರುಗಟ್ಟಲೆ ಸೇರುತ್ತವೆ. ಮರಗಳ ಮರೆಯಲ್ಲಿ ಬಾಳುವ ನಮ್ಮ ಆನೆಯನ್ನು ಕೀನ್ಯಾದ ಮಸಾಯಿ ಮಾರಾದಲ್ಲಿ ನೋಡುವಂತೆ ಬಯಲಲ್ಲಿ ಕಣ್ತುಂಬಿಕೊಳ್ಳುವುದು ಹೀಗೆ ಸಾಧ್ಯವಾಯಿತು. 1980ರಲ್ಲಿ ರಾಜ್ಯ ಸರ್ಕಾರ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆಗೂಡಿ ಜಂಗಲ್ ಲಾಡ್ಜಸ್ ಆರಂಭಿಸಿತು. ಕಾರಾಪುರದಲ್ಲಿ ಅರಸರ ಬೇಟೆ ಬಂಗಲೆ ಪ್ರವಾಸಿಗರ ತಂಗುದಾಣವಾಯಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಹಿಂದೊಮ್ಮೆ ಬೇಟೆಗಾರರೇ. ಬಂದೂಕು ಕೆಳಗಿಟ್ಟು, 2010ರಲ್ಲಿ ತೀರಿಕೊಳ್ಳುವವರೆಗೂ ಕಾಡು ತೋರಿಸುತ್ತ ಅಲ್ಲೇ ನೆಲೆಸಿದರು.

ಕಬಿನಿಯಲ್ಲಿ ಆನೆಗೆ ಕಾಡಿದೆ, ಜನರಿಗೆ ಜೀಪಿದೆ. ಸಕಲೇಶಪುರ, ಆಲೂರು, ಬೇಲೂರಿನ ಆನೆ ಹಗಲು ಕಾಫಿ ತೋಟದಲ್ಲಿ ಮರೆಯಾಗಿದ್ದು, ಕತ್ತಲಾದ ಮೇಲೆ ಗದ್ದೆಗಿಳಿಯುತ್ತದೆ. ಅದು ನಿಂತ ದಾರಿಯಲ್ಲೇ ಬೆಳಗ್ಗೆ ಆಳುಗಳು ಕೆಲಸಕ್ಕೆ ನಡೆದು ಹೋಗಬೇಕು. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗಕ್ಕೆ ಬೇರೆಯವು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಅರ್ಜುನನೇ ಸಲಗದ ತಿವಿತಕ್ಕೆ ಸತ್ತ. ಅಂದು ಈ ಸೀಮೆ ಅತ್ತದ್ದನ್ನು ಮರೆಯಲಾಗದು.

ಸಫಾರಿ ನಾಡಿನಲ್ಲೂ ನೆಮ್ಮದಿಯಿಲ್ಲ. ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ನಿಯೋಜಿಸಿತು. ಕಾಡಿದ್ದಲ್ಲೇ ಹೀಗಾದರೆ, ತೋಟದ ನಡುವೆ ಆನೆ ತೋರಿಸಿ ದುಡ್ಡು ಮಾಡುವುದು ತಪ್ಪು.

ದೇಗುಲ ನೋಡಲು ಖಂಡಿತ ಬನ್ನಿ. ಮಲೆನಾಡಿನ ದಾರಿಯಲ್ಲಿ ಆನೆ ಇದೆಯೆಂದು ಅರಣ್ಯ ಇಲಾಖೆಯವರು ತಡೆದರೆ ವಾಹನ ಹಿಂದಕ್ಕೆ ತಿರುಗಿಸಿ. ವಿಡಿಯೊಗಾಗಿ ಹಾರ್ನ್ ಹೊಡೆದು ಅದನ್ನು ಕೆರಳಿಸಬೇಡಿ. ನೀವು ಹೊರಟ ಮೇಲೂ ಅದೇ ದಾರಿಯಲ್ಲಿ ಮಕ್ಕಳು ಶಾಲೆಗೆ ಹೋಗಬೇಕು.