ಮಗುವಿಗೆ ಭೇದಿಯಾದರೆ ನೀರು ನಿಲ್ಲಿಸಬೇಡಿ

ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ನಿಮಗೂ ಹೀಗೆ ಆಗುತ್ತದೆಯೇ? ಬಸ್ಸಿನಲ್ಲಿ ಕೂತಾಗ ತಲೆಯಲ್ಲಿ ಹತ್ತು ಪ್ರಶ್ನೆ ಇರುತ್ತವೆ. ಚೀಟಿ ಕೂಗುತ್ತಾರೆ, ಒಳಗೆ ಹೋಗುತ್ತೇವೆ, ಮಗು ಕಿರುಚುತ್ತದೆ, ಅವರು ಬರೆದುಕೊಡುತ್ತಾರೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, 'ಅಯ್ಯೋ, ಅನ್ನ ಮೊಸರು ಕೊಡಬಹುದೋ ಬೇಡವೋ ಕೇಳಲೇ ಇಲ್ಲವಲ್ಲಾ' ಎಂದು ನೆನಪಾಗುತ್ತದೆ.

ನನ್ನ ಮಗಳು ಒಂಬತ್ತು ತಿಂಗಳ ಕೂಸಿನೊಂದಿಗೆ ಬಂದು ಇದ್ದಾಳೆ. ಅವಳ ನೆಪದಲ್ಲಿ ನಮ್ಮ ತಿಪಟೂರಿನ ಮನೆಯ ಜಗಲಿಗೆ ಬೀದಿಯ ಎಳೇ ತಾಯಂದಿರೆಲ್ಲ ಸಂಜೆ ಬಂದು ಸೇರುತ್ತಾರೆ. ಮಾತೆಲ್ಲ ಮಕ್ಕಳದೇ. ನಾನೇನು ಓದಿದವಳಲ್ಲ, ಎಸ್ಸೆಸ್ಸೆಲ್ಸಿ ಅಷ್ಟೆ. ಆದರೆ ಇಬ್ಬರನ್ನು ಸಾಕಿದ್ದೇನೆ, ಡಾಕ್ಟರಿಗೆ ಬೇಜಾರಾಗುವಷ್ಟು ಪ್ರಶ್ನೆ ಕೇಳಿದ್ದೇನೆ, ಒಂದು ಸಲ ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಆ ತಪ್ಪಿನಿಂದಲೇ ಶುರುಮಾಡುತ್ತೇನೆ.

2002ರ ಬೇಸಿಗೆ. ಆಗ ನಾವು ಹಳ್ಳಿಯಲ್ಲಿದ್ದೆವು. ಈಗ ತಾಯಿಯಾಗಿರುವ ಇದೇ ಮಗಳಿಗೆ ಆಗ ಹತ್ತು ತಿಂಗಳು. ಬೆಳಿಗ್ಗೆಯಿಂದ ನೀರುನೀರಾಗಿ ಭೇದಿ, ಮಧ್ಯಾಹ್ನಕ್ಕೆ ವಾಂತಿಯೂ ಸೇರಿತು. ನಮ್ಮ ಅತ್ತೆ, "ಹಲ್ಲು ಬರುತ್ತಿದೆ ಕಣೇ, ಅದಕ್ಕೇ. ನೀರು, ಹಾಲು ಏನೂ ಹಾಕಬೇಡ, ಹೊಟ್ಟೆಗೆ ಬಿದ್ದಷ್ಟೂ ಹೊರಗೆ ಹೋಗುತ್ತೆ" ಅಂದರು. ನನಗೂ ಅದು ಸರಿಯೆನಿಸಿತು. ಕುಡಿಸಿದರೆ ಹೋಗುತ್ತದೆ, ಕುಡಿಸದಿದ್ದರೆ ನಿಲ್ಲುತ್ತದೆ, ಲೆಕ್ಕ ಹಾಗೇ ತಾನೇ? ಮೊಲೆಹಾಲನ್ನೂ ತಡೆದೆ. ಸಂಜೆಯ ಹೊತ್ತಿಗೆ ಮಗು ಅಳುವುದನ್ನು ನಿಲ್ಲಿಸಿತು. ಸದ್ಯ, ಸಮಾಧಾನವಾಯಿತು ಅಂದುಕೊಂಡೆವು ನೋಡಿ, ಎಂಥ ಮೂಢರು ನಾವು! ಅದಕ್ಕೆ ಅಳಲು ಶಕ್ತಿಯಿರಲಿಲ್ಲ. ನಮ್ಮ ಯಜಮಾನರು ತೋಟದಿಂದ ಬಂದು ಮಗುವಿನ ಮುಖ ನೋಡಿದವರೇ ಚಪ್ಪಲಿಯನ್ನೂ ಬಿಡದೆ ಗಾಡಿ ಹುಡುಕಿಕೊಂಡು ಓಡಿದರು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಎತ್ತಿದ ಮಡಿಕೆ ತಟ್ಟನೆ ಕೆಳಗಿಳಿಯಲಿಲ್ಲ, ಹಾಗೇ ನಿಂತು ನಿಧಾನವಾಗಿ ಇಳಿಯಿತು. ಕಣ್ಣು ಗುಳಿಬಿದ್ದಿತ್ತು. ನೆತ್ತಿ ಒಳಕ್ಕೆ ಹೋಗಿತ್ತು. "ಕೊನೆಯ ಸಲ ಉಚ್ಚೆ ಹೊಯ್ದಿದ್ದು ಯಾವಾಗ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಏನೇನು ಕುಡಿಸಿದಿರಿ?" ಅಂದರು. "ಏನೂ ಇಲ್ಲ" ಅಂದೆ. ಅವರು ಬೈದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ. ಎರಡು ರಾತ್ರಿ ಡ್ರಿಪ್ ಹಾಕಿದ್ದರು.

ಎರಡನೇ ರಾತ್ರಿ ಮಗು ಕಣ್ಣು ಬಿಟ್ಟು ಹಾಲಿಗೆ ಬಾಯಿ ಹಾಕಿತು. ಅತ್ತೆ ಅಲ್ಲೇ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಹಳ ಹೊತ್ತಾದ ಮೇಲೆ, "ನನ್ನ ಎರಡನೆಯದಕ್ಕೂ ಹೀಗೇ ಆಗಿತ್ತು. ನೀರು ಕೇಳ್ತಿತ್ತು. ಕೊಡಬೇಡ ಅಂದಿದ್ದರು, ಕೊಡಲಿಲ್ಲ" ಅಂದರು. ಅಷ್ಟೇ. ನಮ್ಮ ಯಜಮಾನರಿಗೆ ಹಾಗೊಬ್ಬ ಅಣ್ಣ ಇದ್ದನೆಂಬುದೇ ಆವರೆಗೆ ನನಗೆ ತಿಳಿದಿರಲಿಲ್ಲ. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಆದ್ದರಿಂದ ಸೋದರಿಯರೇ, ಭೇದಿಯಲ್ಲಿ ಮಗು ಸೊರಗುವುದು ನೀರು ಮತ್ತು ಉಪ್ಪು ಕಳೆದುಕೊಂಡು. ಹೋದದ್ದನ್ನು ಹೋದ ಹಾಗೇ ತುಂಬಿಸುತ್ತ ಬಂದರೆ, ಬಹುಪಾಲು ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ತುಂಬಿಸಲಿಕ್ಕೆ ಓಆರ್‌ಎಸ್ ಪುಡಿ ಇದೆ. ಬರೀ ನೀರಿಗಿಂತ ಇದೇಕೆ ಮೇಲು ಅನ್ನುತ್ತೀರಾ? ಇದರಲ್ಲಿ ಉಪ್ಪಿನ ಜೊತೆಗೆ ಗ್ಲೂಕೋಸ್ ಅಳತೆ ಪ್ರಕಾರ ಇರುತ್ತದೆ. ಭೇದಿ ಆಗುತ್ತಿರುವಾಗಲೂ ಕರುಳು ಗ್ಲೂಕೋಸನ್ನು ಹೀರುತ್ತದೆ, ಅದರ ಬೆನ್ನಿಗೆ ಉಪ್ಪು, ಉಪ್ಪಿನ ಬೆನ್ನಿಗೆ ನೀರು ಒಳಕ್ಕೆ ಬರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡ್ರಿಪ್ ಬಾಟಲಿಗಳು ಮುಗಿದುಹೋದುವಂತೆ. ಆಗ ಡಾ. ದಿಲೀಪ್ ಮಹಾಲನೋಬಿಸ್ ಎಂಬುವರು ಉಪ್ಪು ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನರ್ಸುಗಳಲ್ಲ, ಡಾಕ್ಟರುಗಳಲ್ಲ, ನಮ್ಮಂಥ ತಾಯಂದಿರು, ಅಕ್ಕಂದಿರು ಕುಡಿಸಿದ್ದು! ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಕಲಸುವುದರಲ್ಲಿ ಕೈಯಳತೆ ಬೇಡ. ಒಂದು ಲೀಟರಿನ ಪೊಟ್ಟಣವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿಯುವವರನ್ನು ಕಂಡಿದ್ದೇನೆ, ಅದು ಅಪಾಯ. ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕಾಗುತ್ತದೆ. 200 ಮಿಲಿಯ ಸಣ್ಣ ಪೊಟ್ಟಣಗಳೂ ಬರುತ್ತವೆ, ಆದ್ದರಿಂದ ಮೇಲೆ ಬರೆದದ್ದನ್ನು ಓದಿಯೇ ಕಲಸಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ. ಕಲಸಿದ್ದು 24 ಗಂಟೆ ಮಾತ್ರ, ಉಳಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವಕ್ಕೆ 100ರಿಂದ 200 ಮಿಲಿ. ವಾಂತಿ ಮಾಡಿದರೆ ಕೈಬಿಡಬೇಡಿ. ಹತ್ತು ನಿಮಿಷ ಬಿಟ್ಟು, ಚಮಚದಲ್ಲೋ ಒಳಲೆಯಲ್ಲೋ ಗುಟುಕು ಗುಟುಕಾಗಿ ಕುಡಿಸಿ. ತೋಳು ನೋಯುತ್ತದೆ, ಗೊತ್ತು.

ಪೊಟ್ಟಣ ಕೈಗೆ ಸಿಗುವ ತನಕ ಉಪ್ಪು ಹಾಕಿದ ಗಂಜಿ, ತೆಳು ಮಜ್ಜಿಗೆ ಕೊಡಬಹುದು. ಇಲ್ಲವೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಗೀರಿದ ಚಮಚ, ಗೋಪುರದ ಚಮಚವಲ್ಲ. ಇವೆಲ್ಲ ಹೊರಗಿನ ಆಹಾರ ಶುರುವಾದ ಮಕ್ಕಳಿಗೆ. ಮೊಲೆಹಾಲು ಮಾತ್ರ ಎಲ್ಲ ಕೂಸುಗಳಿಗೂ ಎಂದಿಗಿಂತ ಹೆಚ್ಚು. ಅನ್ನ ತಿನ್ನುವ ಮಗುವಿಗೆ ಮೆತ್ತಗೆ ಮಾಡಿದ ಅನ್ನ ಮೊಸರು, ಬಾಳೆಹಣ್ಣು ಕೊಡಿ, ಪಥ್ಯವೆಂದು ಉಪವಾಸ ಕೆಡವಬೇಡಿ. ಅಂಗಡಿಯಲ್ಲಿ ಸಿಹಿ ಜ್ಯೂಸಿನಂಥ ಡಬ್ಬಿಗಳಿಗೂ ಓಆರ್‌ಎಸ್ ಎಂಬ ಹೆಸರು ಅಂಟಿಸಿ ಮಾರುತ್ತಿದ್ದರು. ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಹೆಚ್ಚುತ್ತದೆ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಕೂಡದೆಂದು ಆದೇಶ ಮಾಡಿತು. ಪುಡಿಯ ಪೊಟ್ಟಣವನ್ನೇ ಕೇಳಿ ತನ್ನಿ.

ಜೊತೆಗೆ ಸತುವಿನ ಮಾತ್ರೆ, ಅದೇ ಝಿಂಕ್. ಆರು ತಿಂಗಳಿಂದ ಐದು ವರ್ಷದವರೆಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೂ 14 ದಿನ ಮುಗಿಸಬೇಕು. ನಾವು ನಿಲ್ಲಿಸಿಬಿಡುವುದು ಇಲ್ಲೇ. ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತವೆ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿಸಿದ್ದೆಲ್ಲ ಕಕ್ಕಿದರೆ, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಇನ್ನು ಮನೆಯಲ್ಲಿ ಕೂರುವಂತಿಲ್ಲ.

ಅಂದ ಹಾಗೆ, ಹಲ್ಲು ಬರುವುದಕ್ಕೂ ಭೇದಿಗೂ ನಂಟಿಲ್ಲವಂತೆ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತ ಚಪ್ಪಲಿಯಿಂದ ಹಿಡಿದು ಎಲ್ಲವನ್ನೂ ಬಾಯಿಗಿಡುತ್ತದಲ್ಲ, ಅದೇ ಕಾರಣ. ರೋಟಾ ವೈರಸ್ಸಿನ ಹನಿ 6, 10, 14ನೇ ವಾರದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ನನ್ನ ಮಗಳ ಕಾಲಕ್ಕೆ ಅದಿರಲಿಲ್ಲ.

ಇನ್ನು ಜ್ವರ. ಜಗಲಿಯಲ್ಲಿ ಅತಿ ಹೆಚ್ಚು ಚರ್ಚೆ ಇದರದ್ದೇ. ಹೋದ ತಿಂಗಳು ಮೊಮ್ಮಗುವಿಗೆ ಮೈ ಕಾದಿತ್ತು. ತೂಕ 8 ಕಿಲೋ. ಡಾಕ್ಟರು ಮೊದಲೇ ಪ್ಯಾರಸಿಟಮಾಲ್ ಸಿರಪ್ಪು 5 ಮಿಲಿ ಎಂದು ಹೇಳಿದ್ದರು. ಹಳೆಯ ಬಾಟಲಿ ಮುಗಿದಿತ್ತು, ಅಳಿಯ ಹೊಸದು ತಂದರು. ಮಗಳು ಅದೇ 5 ಮಿಲಿ ಸುರಿಯುತ್ತಿದ್ದಾಗ, ಬಾಟಲಿ ಇಷ್ಟು ಚಿಕ್ಕದೇಕೆ ಎಂದು ನಾನು ಕನ್ನಡಕ ಹಾಕಿ ನೋಡಿದೆ. ಅದು ಸಿರಪ್ಪಲ್ಲ, ಡ್ರಾಪ್ಸು! ಹಳೆಯ ಸಿರಪ್ಪಿನಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಔಷಧಿ. ಡ್ರಾಪ್ಸಿನಲ್ಲಿ ಒಂದೇ ಮಿಲಿಗೆ 100. ಅವಳು ಕೊಟ್ಟಿದ್ದರೆ 500 ಮಿಲಿಗ್ರಾಂ ಹೋಗುತ್ತಿತ್ತು, ಬೇಕಾದದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಅವಳ ಕೈ ನಡುಗಿದ್ದನ್ನು ನೋಡಿ ನಾನು ಏನೂ ಅನ್ನಲಿಲ್ಲ. ನನ್ನ ತಪ್ಪು ಅವಳಿಗೆ ಗೊತ್ತು, ಅವಳ ತಪ್ಪು ನನಗೆ ಗೊತ್ತಾಯಿತು.

ಲೆಕ್ಕ ವಯಸ್ಸಿನದಲ್ಲ, ತೂಕದ್ದು. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂವರೆಗೆ, ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ, 5 ಮಿಲಿಗೆ 250 ಇರುವ ಸಿರಪ್ಪಿನಲ್ಲಿ 3 ಮಿಲಿ, ಡ್ರಾಪ್ಸಿನಲ್ಲಿ ಒಂದೂವರೆ ಮಿಲಿ. ಬಾಟಲಿ ಬದಲಾದಾಗಲೆಲ್ಲ ಅಂಗಡಿಯವರನ್ನೇ ನಿಲ್ಲಿಸಿ ಕೇಳಿ, ಅವರ ಕೈಯಲ್ಲೇ ಮುಚ್ಚಳದ ಅಳತೆಗೆ ಗೆರೆ ಹಾಕಿಸಿ. ಅಡುಗೆಮನೆಯ ಚಮಚದಲ್ಲಿ ಔಷಧಿ ಅಳೆಯಲೇಬೇಡಿ. ದೊಡ್ಡವರ ಆಸ್ಪಿರಿನ್ ಮಾತ್ರೆ ಮುರಿದು ಕೊಡುವುದಂತೂ ಬೇಡವೇ ಬೇಡ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಮನೆಮದ್ದು ಯಾವುದೂ ಇಲ್ಲ, ನಡುರಾತ್ರಿಯಾದರೂ ಡಾಕ್ಟರ ಹತ್ತಿರವೇ. ಡೆಂಗ್ಯೂ ಸುಳಿದಾಡುವ ಮಳೆಗಾಲದಲ್ಲಿ, ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬೇಡಿ. ಬಿಟ್ಟ ಮೇಲೆಯೇ ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ಕೂಡಲೇ ಹೊರಡಿ.

ಜ್ವರ ಏರುವಾಗ ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ, ಆರು ತಿಂಗಳಿಂದ ಐದು ವರ್ಷದ ನಡುವೆ. ನೋಡಿದವರಿಗೆ ಜೀವವೇ ಹೋದಂತಾಗುತ್ತದೆ. ಹಿಂದಿನ ಬೀದಿಯ ಮಗುವಿಗೆ ಬಂದಾಗ ಒಬ್ಬರು ಕೈಯಲ್ಲಿ ಬೀಗದ ಕೈ ಹಿಡಿಸಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ತೂರಿಸಲು ಹೋದರು. ಬೀಗದ ಕೈಯಿಂದ ಕೆಡುಕಿಲ್ಲ, ಪ್ರಯೋಜನವೂ ಇಲ್ಲ. ಚಮಚದಿಂದ ಹಲ್ಲು ಮುರಿದು ಗಂಟಲಿಗೆ ಹೋದೀತು. ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರೂ ಬೇಡ, ಗಡಿಯಾರ ನೋಡಿ. ಬಹುತೇಕ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನು. ನಿಂತರೂ ಮೊದಲ ಸಲವಾದರೆ ಡಾಕ್ಟರಿಗೆ ತೋರಿಸಲೇಬೇಕು.

ಕೆಮ್ಮಿಗೆ ಸಿರಪ್ಪು ಕೇಳಿ ತರುವ ಅಭ್ಯಾಸ ನಮ್ಮಲ್ಲಿ ಬಹಳ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಔಷಧಿ ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡದ್ದನ್ನು ನೀವೂ ಓದಿರುತ್ತೀರಿ. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರವೇ ಆಗ ಡಾಕ್ಟರುಗಳಿಗೆ ಸೂಚಿಸಿತು. ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಸ್ವಲ್ಪ ಜೇನುತುಪ್ಪ ಸಾಕು. ವರ್ಷದೊಳಗೆ ಜೇನು ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣುವನ್ನು ಎಳೇ ಕರುಳು ತಡೆಯದು. ಮೂಗಿಗೆ, ಕಿವಿಗೆ ಹರಳೆಣ್ಣೆ ಬಿಡುವ ಅಜ್ಜಿಯರನ್ನೂ ನಯವಾಗಿ ತಡೆಯಿರಿ. ಎಣ್ಣೆ ಶ್ವಾಸಕ್ಕೆ ಹೋಗಿ ನ್ಯುಮೋನಿಯ ಆಗುವುದುಂಟು.

ಕೆಮ್ಮಿನ ಸದ್ದಿಗಿಂತ ಉಸಿರಿನ ಲೆಕ್ಕ ಮುಖ್ಯ. ಮಗು ಸುಮ್ಮನೆ ಇರುವಾಗ ಅಂಗಿ ಎತ್ತಿ, ಪೂರಾ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಹೆಚ್ಚಿದ್ದರೆ, ಇಲ್ಲವೆ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಅದು ನೆಗಡಿಯಲ್ಲ, ಡಾಕ್ಟರು ನೋಡಬೇಕು.

'ಊಟವೇ ಮಾಡಲ್ಲ ಕಣ್ರೀ' ಎಂಬುದು ಕೊನೆಯ ದೂರು. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು ಆಮೇಲೆ ಹೀಗನ್ನುವವರಿಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಹೆಚ್ಚು ಹಸುವಿನ ಹಾಲು ಕುಡಿಯುವ ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಅದನ್ನೊಮ್ಮೆ ಪರೀಕ್ಷೆ ಮಾಡಿಸಿ.

ನಮ್ಮ ಅತ್ತೆ ಈಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಇರುವ ತನಕ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿ, ಎರಡು ಓಆರ್‌ಎಸ್ ಪೊಟ್ಟಣ ಸದಾ ಇಟ್ಟಿರುತ್ತಿದ್ದರು. ಓದು ಬರುತ್ತಿರಲಿಲ್ಲ. ತಾರೀಖು ಮುಗಿದಿದೆಯೇ ನೋಡು ಎಂದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನನ್ನ ಕೈಗೆ ಕೊಡುತ್ತಿದ್ದರು. ಈಗ ಅದೇ ಜಾಗದಲ್ಲಿ ನಾನು ಇಡುತ್ತೇನೆ. ಮೊನ್ನೆ ಮಗಳು ಊರಿಗೆ ಹೊರಡಲು ಬಟ್ಟೆ ಜೋಡಿಸುತ್ತಿದ್ದಾಗ, ಕೇಳದೆಯೇ ಅದರಲ್ಲಿ ಒಂದನ್ನು ತೆಗೆದು ಕೂಸಿನ ಚೀಲಕ್ಕೆ ಹಾಕಿಕೊಂಡಳು.